ನರದ ಹೊದಿಕೆ ಹರಿದಾಗ

ಎಂ.ಎಸ್. ಎಂಬ ಎರಡಕ್ಷರ ಕಿವಿಗೆ ಬಿದ್ದೊಡನೆ ನಮ್ಮ ಕಡೆಯವರಿಗೆ ಸುಬ್ಬುಲಕ್ಷ್ಮಿಯವರ ನೆನಪಾಗುವುದು ಸಹಜ. ನನಗೆ ಎಂ.ಎಸ್. ಇದೆಯೆಂದು ಹೇಳಿದಾಗ, ಯಾವ ಕಚೇರಿಯ ಧ್ವನಿಮುದ್ರಣವೆಂದು ಕೇಳಿದವರೂ ಉಂಟು. ನಾನು ಇಂದು ಹೇಳಹೊರಟಿರುವುದು ಅಷ್ಟು ಇಂಪಾದ ವಿಷಯವಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಹೆಸರನ್ನು ವೈದ್ಯರು ಹೀಗೆ ಮೊಟಕುಗೊಳಿಸಿದ್ದಾರೆ. ಕನ್ನಡದಲ್ಲಿ ಅದಕ್ಕೆ ಜನರ ಬಾಯಲ್ಲಿ ನಿಂತ ಹೆಸರಿಲ್ಲ. ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದವಳು ನಾನು. ಈ ರೋಗದೊಡನೆ ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ಸಂಸಾರ ಮಾಡಿದ್ದೇನೆ. ವೈದ್ಯರು ಹೇಳಬೇಕಾದುದನ್ನು ನಾನು ಹೇಳಲಾರೆ. ಆದರೆ ಔಷಧದ ಚೀಟಿಯಲ್ಲಿ ಬರೆಯಲಾಗದ ಕೆಲವು ಸಂಗತಿಗಳಿವೆ. ಅವನ್ನು ಅನುಭವದಿಂದಲೂ ಓದಿನಿಂದಲೂ ಅರಿತಷ್ಟು ತಮ್ಮ ಮುಂದಿಡುತ್ತೇನೆ.

ಮೊದಲು ರೋಗದ ಸ್ವರೂಪ. ನಮ್ಮ ಮಿದುಳು ಮತ್ತು ಬೆನ್ನುಹುರಿಗಳ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯಿದೆ. ವಿದ್ಯುತ್ ತಂತಿಯ ಮೇಲಿನ ರಬ್ಬರಿನ ಕವಚಕ್ಕೆ ಇದನ್ನು ಹೋಲಿಸುವುದು ವಾಡಿಕೆ. ಹೋಲಿಕೆ ಪೂರ್ತಿಯಾಗಿ ಒಪ್ಪುವುದಿಲ್ಲ. ರಬ್ಬರು ವಿದ್ಯುತ್ತು ಸೋರದಂತೆ ತಡೆಯುತ್ತದೆ, ಅಷ್ಟೆ. ಮಯಲಿನ್ನಾದರೋ ಸಂದೇಶದ ವೇಗವನ್ನೂ ಹೆಚ್ಚಿಸುತ್ತದೆ. ಹೊದಿಕೆಯಲ್ಲಿ ಅಲ್ಲಲ್ಲಿ ಚಿಕ್ಕ ಚಿಕ್ಕ ತೆರವುಗಳಿವೆ. ಹಳ್ಳದ ಕಲ್ಲುಗಳ ಮೇಲೆ ನೆಗೆನೆಗೆದು ದಾಟುವ ಹುಡುಗನಂತೆ ಸಂದೇಶವು ಒಂದು ತೆರವಿನಿಂದ ಇನ್ನೊಂದಕ್ಕೆ ಹಾರುತ್ತ ಸಾಗುತ್ತದೆ. ದಪ್ಪ ಹೊದಿಕೆಯ ತಂತುವಿನಲ್ಲಿ ಅದರ ವೇಗ ಸೆಕೆಂಡಿಗೆ 100 ಮೀಟರನ್ನು ಮುಟ್ಟಬಲ್ಲದು. ಹೊದಿಕೆಯೇ ಇಲ್ಲದ ತಂತುವಿನಲ್ಲಿ ಒಂದೆರಡು ಮೀಟರು ಮಾತ್ರ. ಹೊರಗಿನ ಶತ್ರುವನ್ನು ತಡೆಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ, ಮನೆಯ ಕಾವಲುಗಾರ ಮನೆಯವರ ಮೇಲೆ ಬಡಿಗೆ ಎತ್ತಿದಂತೆ, ಈ ಹೊದಿಕೆಯ ಮೇಲೆ ಎರಗುವುದೇ ಎಂ.ಎಸ್. ಹರಿದ ಕಡೆಗಳಲ್ಲಿ ಕಲೆ ಕಟ್ಟಿ ಗಡಸಾಗುತ್ತದೆ. 1868ರಲ್ಲಿ ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೊ ಎಂಬ ಮಹಾವೈದ್ಯ ಮೃತರ ಮಿದುಳುಗಳಲ್ಲಿ ಈ ಗಡಸು ಕಲೆಗಳನ್ನು ಕಂಡು, ಬದುಕಿದ್ದಾಗ ಅವರು ಪಟ್ಟ ಪಾಡಿನೊಡನೆ ತಾಳೆ ನೋಡಿ, ಇದೊಂದು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ವರ್ಣಿಸಿದ. ಸ್ಕ್ಲೆರೋಸಿಸ್ ಎಂದರೆ ಗಡಸಾಗುವಿಕೆ. ಹಲವೆಡೆ ಆಗುವುದರಿಂದ ಮಲ್ಟಿಪಲ್.

ಕಲೆ ಎಲ್ಲಿ ಬಿತ್ತೋ ಅದಕ್ಕೆ ತಕ್ಕ ತೊಂದರೆ. ಕಣ್ಣಿನ ನರದಲ್ಲಾದರೆ ದೃಷ್ಟಿ ಮಂಕು, ಬೆನ್ನುಹುರಿಯಲ್ಲಾದರೆ ಕಾಲು ಭಾರ, ಚಿಕ್ಕಮಿದುಳಿನಲ್ಲಾದರೆ ನಡಿಗೆಯಲ್ಲಿ ತೂರಾಟ. ಆದುದರಿಂದ ಇಬ್ಬರು ರೋಗಿಗಳ ಕಥೆ ಒಂದೇ ಸಮನಾಗಿರುವುದಿಲ್ಲ. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ ತಲೆದೋರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಜಗತ್ತಿನಲ್ಲಿ ಸುಮಾರು 28 ಲಕ್ಷ ಜನಕ್ಕೆ ಇದೆಯೆಂದು 2020ರ ಅಂದಾಜು. ಚಳಿದೇಶದ ಬಿಳಿಯರ ಕಾಯಿಲೆ, ನಮಗೆ ಬರುವುದಿಲ್ಲ ಎಂಬ ನಂಬಿಕೆ ಬಹುಕಾಲ ನಮ್ಮಲ್ಲಿತ್ತು. ಎಂ.ಆರ್.ಐ. ಯಂತ್ರಗಳು ಊರೂರಿಗೆ ಬಂದ ಮೇಲೆ ಆ ನಂಬಿಕೆ ಸಡಿಲವಾಯಿತು. ನಮ್ಮ ಮಂಗಳೂರಿನಲ್ಲೇ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಲಕ್ಷಕ್ಕೆ ಎಂಟರ ಆಸುಪಾಸಿನ ಸಂಖ್ಯೆಯನ್ನು ಕೊಟ್ಟಿದೆ. ಯೂರೋಪಿಗೆ ಹೋಲಿಸಿದರೆ ಇದು ಅಲ್ಪ. ಆದರೆ ಆ ಎಂಟು ಮಂದಿಗೆ ಅಲ್ಪವಲ್ಲ.

ಈ ರೋಗದ ಒಂದು ಗುಣವನ್ನು ಇಲ್ಲಿ ಎತ್ತಿ ಹೇಳಬೇಕು. ಬಹುಪಾಲು ರೋಗಿಗಳಲ್ಲಿ ಇದು ಮೊದಮೊದಲು ಬಂದುಹೋಗುವ ರೋಗ. ಒಮ್ಮೆ ಎರಗುತ್ತದೆ, ಕೆಲವು ವಾರಗಳಲ್ಲಿ ತಾನಾಗಿಯೇ ಪೂರ್ತಿಯಾಗಿಯೋ ಅರೆಬರೆಯಾಗಿಯೋ ಹಿಂಜರಿಯುತ್ತದೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ ಮೌನವಾಗಿರುತ್ತದೆ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜನ ಮೊಮ್ಮಗ ಅಗಸ್ಟಸ್ ಡೆಸ್ಟೆ ಎಂಬಾತ ಬರೆದಿಟ್ಟ ದಿನಚರಿ ಇದಕ್ಕೆ ಉತ್ತಮ ಸಾಕ್ಷಿ. 1822ರಲ್ಲಿ ಸ್ಕಾಟ್ಲೆಂಡಿನಲ್ಲಿ ಆಪ್ತರೊಬ್ಬರ ಉತ್ತರಕ್ರಿಯೆ ಮುಗಿದ ಸ್ವಲ್ಪ ದಿನಗಳಲ್ಲೇ ಆತನ ಕಣ್ಣು ಮಂಕಾಗಿ, ಪತ್ರಗಳನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾಯಿತು. ಆಮೇಲೆ ಐರ್ಲೆಂಡಿಗೆ ಹೋದ. ಏನೂ ಚಿಕಿತ್ಸೆಯಿಲ್ಲದೆ ಕಣ್ಣು ಮೊದಲಿನಂತಾಯಿತು. ಐದು ವರ್ಷಗಳ ತರುವಾಯ ಫ್ಲಾರೆನ್ಸಿನಲ್ಲಿದ್ದಾಗ ಒಂದು ವಸ್ತು ಎರಡಾಗಿ ಕಾಣತೊಡಗಿತು, ಕಾಲುಗಳು ಸೋತವು. ಆಗ ಆತನಿಗೆ ನಡೆದ ಉಪಚಾರಗಳಲ್ಲಿ ದಿನಕ್ಕೆ ಎರಡು ಹೊತ್ತು ಗೋಮಾಂಸದ ಭೋಜನವೂ, ಬಗೆಬಗೆಯ ಮದ್ಯವೂ, ಮೈಗೆ ತಿಕ್ಕುವ ದ್ರಾವಣಗಳೂ ಸೇರಿದ್ದವು. ಕ್ರಮೇಣ ಕಾಲಿಗೆ ಬಲ ಬಂತು. ಬಂದ ಬಲದ ಕೀರ್ತಿ ಯಾರಿಗೆ? ಊಟ ಮಾಡಿಸಿದವನಿಗೆ! ಆದರೆ ರೋಗ ತನ್ನ ಪಾಡಿಗೆ ತಾನು ಮುಂದುವರಿಯಿತು. 1848ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆತ ನಡೆಯಲಾರದವನಾಗಿದ್ದ.

ನನ್ನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಮೊದಲ ಸಲ ಬಲಗಣ್ಣು ಮಸುಕಾದಾಗ ನರವೈದ್ಯರು ಮೂರು ದಿನ ಸ್ಟೆರಾಯ್ಡ್ ಹನಿಹನಿಯಾಗಿ ಏರಿಸಿದರು. ಸೋದರತ್ತೆ ನೆತ್ತಿಗೆ ತಂಪಿನ ಎಣ್ಣೆ ಒತ್ತಿದರು. ಅಮ್ಮ ಧರ್ಮಸ್ಥಳಕ್ಕೆ ಹರಕೆ ಹೊತ್ತರು. ಆರು ವಾರದಲ್ಲಿ ದೃಷ್ಟಿ ಮರಳಿತು. ಮನೆಯಲ್ಲಿ ಈಗಲೂ ಮೂರು ಪಕ್ಷಗಳಿವೆ. ಸತ್ಯವೇನೆಂದರೆ, ಅಮೆರಿಕದಲ್ಲಿ ಕಣ್ಣಿನ ನರದ ಉರಿಯೂತದ ಬಗೆಗೆ ನಡೆದು 1992ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯ ಪ್ರಕಾರ, ರಕ್ತನಾಳಕ್ಕೆ ಕೊಟ್ಟ ಸ್ಟೆರಾಯ್ಡ್ ಚೇತರಿಕೆಯನ್ನು ಬೇಗ ತರುತ್ತದೆ. ಆರು ತಿಂಗಳ ಹೊತ್ತಿಗೆ ಕೊಟ್ಟವರಿಗೂ ಕೊಡದವರಿಗೂ ದೃಷ್ಟಿಯಲ್ಲಿ ಹೆಚ್ಚಿನ ಅಂತರ ಉಳಿಯುವುದಿಲ್ಲ. ವೈದ್ಯರ ಪಕ್ಷವೂ ತನ್ನ ಕೀರ್ತಿಯಲ್ಲಿ ಒಂದು ಪಾಲನ್ನು ಪ್ರಕೃತಿಗೆ ಬಿಟ್ಟುಕೊಡಬೇಕು! ತಾನಾಗಿ ತಗ್ಗುವ ರೋಗದಲ್ಲಿ, ತಗ್ಗುವ ಸಮಯಕ್ಕೆ ಕೈಯಲ್ಲಿದ್ದುದೆಲ್ಲ ಅಮೃತವಾಗಿ ತೋರುತ್ತದೆ. ‘ಇಂಥವರ ಬಳಿ ಹೋಗಿ, ಮೂರೇ ತಿಂಗಳಲ್ಲಿ ವಾಸಿ’ ಎಂದು ಹೇಳುವವರು ಸುಳ್ಳು ಹೇಳುತ್ತಿರಬೇಕೆಂದೇನಿಲ್ಲ. ರೋಗವೇ ಅವರಿಗೆ ಸುಳ್ಳು ಹೇಳಿರುತ್ತದೆ.

ಹೀಗಿರುವುದರಿಂದ ‘ಸಮಗ್ರ ಚಿಕಿತ್ಸೆ’ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಪೇಟೆಯಲ್ಲಿ ಆ ಮಾತಿಗೆ, ಆಸ್ಪತ್ರೆಯ ಔಷಧವನ್ನು ಬಿಟ್ಟು ಉಳಿದುದೆಲ್ಲ ಎಂಬ ಅರ್ಥ ಬಂದುಬಿಟ್ಟಿದೆ. ಒಂದನ್ನು ಹೊರಗಿಟ್ಟ ಮೇಲೆ ಅದು ಸಮಗ್ರ ಹೇಗಾದೀತು? 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ ಎಂಬ ಚುಚ್ಚುಮದ್ದಿಗೆ ಒಪ್ಪಿಗೆ ದೊರೆತಂದಿನಿಂದ, ರೋಗದ ಹೊಡೆತಗಳನ್ನು ವಿರಳಗೊಳಿಸುವ ಹಲವಾರು ಔಷಧಗಳು ಬಂದಿವೆ. ನಮ್ಮಂಥವರ ಕೈಗೆ ಎಲ್ಲವೂ ಎಟುಕವು; ಬೆಲೆ ಕೇಳಿದರೇ ಕಾಲು ನಡುಗುತ್ತದೆ. ಆದರೂ ಎಟುಕಿದುದನ್ನು, ವೈದ್ಯರ ಸಲಹೆಯಂತೆ, ಆದಷ್ಟು ಬೇಗ ಹಿಡಿಯುವುದು ವಿವೇಕ. ಮಿದುಳಿನಲ್ಲಿ ಒಮ್ಮೆ ಸತ್ತ ತಂತು ಮರಳಿ ಹುಟ್ಟುವುದಿಲ್ಲ. ಈ ಔಷಧಗಳಿಗೂ ಒಂದು ಮಿತಿಯಿದೆ: ಬರುವ ಹೊಡೆತವನ್ನು ತಡೆಯುತ್ತವೆಯೇ ಹೊರತು ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ದಣಿವು, ಸ್ನಾಯುಗಳ ಬಿಗಿತ, ಮೂತ್ರದ ತೊಂದರೆ, ಮನಸ್ಸಿನ ಕುಗ್ಗುವಿಕೆ ಇವೆಲ್ಲ ರೋಗಿಯ ಪಾಲಿಗೆ ಉಳಿಯುತ್ತವೆ. ಬೆಳಗಿನಿಂದ ರಾತ್ರಿಯವರೆಗಿನ ದಿನಚರಿಯನ್ನೇ ಇವಕ್ಕೆ ಹೊಂದಿಸಿ ಕಟ್ಟಿಕೊಳ್ಳುವುದನ್ನು ನಾನು ಸಮಗ್ರ ಚಿಕಿತ್ಸೆ ಎನ್ನುತ್ತೇನೆ.

ಈ ಕಟ್ಟೋಣದಲ್ಲಿ ಮೊದಲ ಕಲ್ಲು ಉಷ್ಣದ ಲೆಕ್ಕ. 1890ರಲ್ಲಿ ಜರ್ಮನಿಯ ನೇತ್ರವೈದ್ಯ ಊಟ್‌ಹಾಫ್, ಕೆಲವು ಎಂ.ಎಸ್. ರೋಗಿಗಳು ಬಿರುಸಾಗಿ ನಡೆದರೆ ಅವರ ದೃಷ್ಟಿ ಮಂಕಾಗಿ, ಕುಳಿತು ವಿಶ್ರಮಿಸಿದರೆ ಮತ್ತೆ ತಿಳಿಯಾಗುವುದನ್ನು ಗಮನಿಸಿದ. ಕಾರಣ ನಡಿಗೆಯಲ್ಲ, ನಡಿಗೆಯಿಂದ ಏರಿದ ಮೈಯ ಬಿಸಿ ಎಂಬುದು ಆಮೇಲೆ ತಿಳಿಯಿತು. ಹೊದಿಕೆ ಹರಿದ ನರ ಹೇಗೋ ಕುಂಟುತ್ತ ಸಂದೇಶ ಸಾಗಿಸುತ್ತಿರುತ್ತದೆ. ಮೈಯ ಕಾವು ಅರ್ಧ ಡಿಗ್ರಿ ಏರಿದರೂ ಸಾಕು, ಅದು ಕೈಚೆಲ್ಲುತ್ತದೆ. ಎಂ.ಆರ್.ಐ. ಬರುವ ಮುನ್ನ ವೈದ್ಯರು ಸಂಶಯವಿದ್ದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ, ಲಕ್ಷಣಗಳು ಹೆಚ್ಚಿದರೆ ಎಂ.ಎಸ್. ಇರಬಹುದೆಂದು ಊಹಿಸುತ್ತಿದ್ದರು!

ಆ ಪರೀಕ್ಷೆಯನ್ನು ನಾವು ಪ್ರತಿ ದೀಪಾವಳಿಗೆ ಮನೆಯಲ್ಲೇ ನಡೆಸುತ್ತೇವೆ. ನೀರು ತುಂಬುವ ಹಬ್ಬದ ಮರುದಿನ ನಸುಕಿನಲ್ಲಿ ಮೈಗೆಲ್ಲ ಎಣ್ಣೆ, ಆಮೇಲೆ ಹಂಡೆಯ ಕುದಿನೀರು, ಮುಚ್ಚಿದ ಬಚ್ಚಲಿನ ಹೊಗೆ. ಆರೋಗ್ಯವಂತರಿಗೆ ಅದು ಸ್ವರ್ಗ. ಎಂ.ಎಸ್. ಇದ್ದವರು ಸ್ನಾನ ಮುಗಿಸಿ ಮಣೆಯಿಂದ ಏಳಲಾರದೆ ಕುಳಿತುಬಿಡುತ್ತಾರೆ. ‘ದೃಷ್ಟಿಯಾಯಿತು’ ಎಂದು ಮನೆಯವರು ಹೆದರುತ್ತಾರೆ. ಹೆದರಬೇಕಾದ್ದಿಲ್ಲ. ಮೈ ತಣಿದರೆ ಅರ್ಧ ಗಂಟೆ, ಒಂದು ಗಂಟೆಯಲ್ಲಿ ಬಲ ಮರಳುತ್ತದೆ. ಇದರಿಂದ ನರಕ್ಕೆ ಹೊಸ ಹಾನಿಯಾಗುವುದಿಲ್ಲ. ಜಾರಿ ಬೀಳುವುದು ಮಾತ್ರ ನಿಜವಾದ ಅಪಾಯ. ಎಣ್ಣೆ ಬೇಡವೆಂದು ನಾನು ಹೇಳುತ್ತಿಲ್ಲ, ಹಬ್ಬ ಬೇಡವೆಂದಂತೂ ಹೇಳುವುದೇ ಇಲ್ಲ. ನೀರು ಉಗುರುಬೆಚ್ಚಗಿರಲಿ, ಕೂರಲು ಎತ್ತರದ ಆಸನವಿರಲಿ, ಬಚ್ಚಲಿನ ಬಾಗಿಲಿಗೆ ಒಳಗಿನಿಂದ ಅಗುಳಿ ಬೇಡ. ಸ್ಪರ್ಶಜ್ಞಾನ ಕುಂದಿದ ಕಾಲು ಸುಡುನೀರನ್ನು ಅರಿಯದು. ನೀರಿನ ಬಿಸಿಯನ್ನು ಬೇರೆಯವರು ಮುಟ್ಟಿ ನೋಡಲಿ.

ಏಪ್ರಿಲ್ ಮೇ ತಿಂಗಳ ಅಡುಗೆಮನೆ ಹಂಡೆಯ ತಮ್ಮ. ಒಲೆಯ ಮುಂದಿನ ಕೆಲಸವನ್ನು ಬೆಳಗಿನ ತಂಪಿನಲ್ಲೇ ಮುಗಿಸುವುದು, ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುವುದು, ಹೊರಡುವ ಮೊದಲು ತಣ್ಣನೆಯ ಮಜ್ಜಿಗೆ ಕುಡಿಯುವುದು, ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದು, ಇವು ನನಗೆ ಒಗ್ಗಿದ ಉಪಾಯಗಳು. ಪರದೇಶಗಳಲ್ಲಿ ಇದೇ ಕೆಲಸಕ್ಕೆ ತಂಪುಗಟ್ಟಿ ತುಂಬಿದ ಅಂಗಿ ಮಾರುತ್ತಾರೆ. ಜ್ವರ ಬಂದಾಗಲೂ ಹಳೆಯ ಲಕ್ಷಣಗಳೆಲ್ಲ ಒಮ್ಮೆಗೇ ಎದ್ದು ನಿಲ್ಲುವುದು ಇದೇ ಕಾರಣದಿಂದ. ಮೊದಲು ಜ್ವರವನ್ನು ಇಳಿಸಬೇಕು. ಇಳಿದ ಮೇಲೂ ತೊಂದರೆ ನಿಂತರೆ ವೈದ್ಯರಿಗೆ ತಿಳಿಸಬೇಕು.

ಇನ್ನು ದಣಿವು. ಇದರ ಬಗೆಗೆ ಹೇಳುವುದು ಕಷ್ಟ, ನಂಬಿಸುವುದು ಇನ್ನೂ ಕಷ್ಟ. ದುಡಿದು ಬರುವ ಆಯಾಸಕ್ಕೂ ಇದಕ್ಕೂ ನಂಟಿಲ್ಲ. ರಾತ್ರಿಯೆಲ್ಲ ನಿದ್ರಿಸಿ ಎದ್ದವರಿಗೂ ಬೆಳಗ್ಗೆ ಹತ್ತಕ್ಕೆ ಮೈಯೊಳಗಿನ ದೀಪ ಯಾರೋ ಆರಿಸಿದಂತಾಗುತ್ತದೆ. ಹೊರಗೆ ಕಾಣುವ ಗುರುತಿಲ್ಲ. ಕೈಕಾಲು ನೆಟ್ಟಗಿರುವ ಸೊಸೆ ಹನ್ನೊಂದು ಗಂಟೆಗೆ ಮಲಗಿದರೆ ನೆರೆಮನೆಯವರು ಏನೆನ್ನುತ್ತಾರೆಂಬುದನ್ನು ತಾವೇ ಊಹಿಸಬಹುದು. ಸೋಮಾರಿತನ ಎಂಬ ಪದ ಈ ರೋಗಿಗಳನ್ನು ಕುಗ್ಗಿಸಿದಷ್ಟು ರೋಗವೂ ಕುಗ್ಗಿಸಿರಲಾರದು. ರೋಗದ ಹೆಸರು ತಿಳಿಯುವ ಮುನ್ನ, ಒಂದು ಮದುವೆ ಮನೆಯಲ್ಲಿ ಇದೇ ಪದವನ್ನು ನಾನೂ ಕೇಳಿದ್ದೇನೆ; ಹೇಳಿದವರು ಪ್ರೀತಿಯುಳ್ಳವರೇ.

ಇದಕ್ಕೆ ನಾನು ಕಂಡುಕೊಂಡ ದಾರಿ ಗುಮಾಸ್ತರ ಮನೆಯ ಜಮಾಖರ್ಚಿನದು. ದಿನಕ್ಕೆ ಇಷ್ಟೇ ಶಕ್ತಿ ಸಂಬಳ. ಸಾಲ ತೆಗೆದರೆ ನಾಳೆ ಬಡ್ಡಿ ಸಹಿತ ತೀರಿಸಬೇಕು. ಬಟ್ಟೆ ಒಗೆಯುವ ದಿನ ಸಂತೆಗೆ ಹೋಗುವುದಿಲ್ಲ. ತರಕಾರಿಯನ್ನು ಕುಳಿತೇ ಹೆಚ್ಚುತ್ತೇನೆ. ದಣಿಯುವ ಮುನ್ನ ವಿಶ್ರಮಿಸುತ್ತೇನೆ, ದಣಿದ ಮೇಲಲ್ಲ; ಈ ಕ್ರಮ ಮನಸ್ಸಿಗೆ ಒಗ್ಗಲು ವರ್ಷಗಳು ಬೇಕಾದವು.

ಹಾಗಾದರೆ ಸುಮ್ಮನೆ ಮಲಗಿರುವುದೇ ಲೇಸೆ? ಒಂದು ಕಾಲದಲ್ಲಿ ವೈದ್ಯರೂ ಹಾಗೆಂದೇ ಹೇಳುತ್ತಿದ್ದರು. 1996ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 54 ರೋಗಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಹದಿನೈದು ವಾರ ಕ್ರಮವಾಗಿ ವ್ಯಾಯಾಮ ಮಾಡಿದವರ ದೇಹಬಲ ಹೆಚ್ಚಿತು, ದಿನದ ಬದುಕು ಸುಧಾರಿಸಿತು. ಅಲ್ಲಿಂದೀಚೆಗೆ ಮಲಗಿಸುವ ಪಂಥ ಹಿಂದೆ ಸರಿದಿದೆ.

ಯೋಗದ ವಿಷಯ ಬಂದಾಗ ಕನ್ನಡಿಗರಿಗೆ ಹೆಮ್ಮೆಪಡಲು ಒಂದು ಕಾರಣವಿದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ಮಲೇರಿಯ, ಕ್ಷಯ, ವಿಷಮಶೀತಜ್ವರಗಳಿಂದ ಬಳಲಿ ಬಡಕಲಾಗಿದ್ದವರು. ಮೈಸೂರಿನಲ್ಲಿ ಭಾವನವರಾದ ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತರು. ಬಗ್ಗದ ಮೈಯ ಕಷ್ಟ ಬಲ್ಲ ಅವರು ಕುರ್ಚಿ, ಹಗ್ಗ, ಮರದ ದಿಮ್ಮಿ, ಗೋಡೆಗಳ ಆಸರೆಯಿಂದ ಆಸನ ಮಾಡಿಸುವ ಪದ್ಧತಿಯನ್ನು ಬೆಳೆಸಿದರು. ಅಮೆರಿಕದ ಆರೆಗಾನ್ ಪ್ರಾಂತದಲ್ಲಿ 69 ಎಂ.ಎಸ್. ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಈ ಪದ್ಧತಿಯ ಯೋಗ, ಇನ್ನೊಂದಕ್ಕೆ ನಿಂತಲ್ಲೇ ತುಳಿಯುವ ಸೈಕಲ್ಲು, ಮೂರನೆಯದಕ್ಕೆ ಏನೂ ಇಲ್ಲದೆ, ಆರು ತಿಂಗಳು ಪರೀಕ್ಷಿಸಿದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಯೋಗದವರ ದಣಿವು ಕಡಿಮೆಯಾಗಿತ್ತು. ಸೈಕಲ್ಲಿನವರದೂ ಅಷ್ಟೇ ಕಡಿಮೆಯಾಗಿತ್ತು! ನೆನಪು, ಏಕಾಗ್ರತೆಗಳಲ್ಲಿ ಎರಡು ಗುಂಪಿಗೂ ವಿಶೇಷ ಲಾಭ ಕಾಣಲಿಲ್ಲ. ಯೋಗಾಭಿಮಾನಿಗಳಿಗೆ ಇದು ಅರ್ಧ ಸಂತೋಷದ ಸುದ್ದಿ; ನನ್ನಂಥವಳಿಗೆ ಪೂರ್ಣ ಸಂತೋಷದ್ದು. ಕುರ್ಚಿಯೊಂದಿದ್ದರೆ ಖರ್ಚಿಲ್ಲದೆ, ಮನೆಯಲ್ಲೇ, ಗೋಡೆಯ ಪಕ್ಕದಲ್ಲಿ ಇದು ಸಾಧ್ಯ. ಬೆಳಗಿನ ತಂಪಿನಲ್ಲಿ, ಬಲ್ಲವರ ಕೈಕೆಳಗೆ ಕಲಿತು, ಬೆವರಿಳಿಸದೆ ಮಾಡಬೇಕು. ಕೋಣೆ ಕಾಯಿಸಿ ಮಾಡಿಸುವ ಯೋಗವೊಂದು ಈಚೆಗೆ ಬಳಕೆಯಲ್ಲಿದೆ, ಅದು ನಮಗಲ್ಲ.

ಮೂತ್ರದ ತೊಂದರೆಯ ಬಗೆಗೆ ನಾಲ್ಕು ಜನರೆದುರು ಮಾತನಾಡಲು ಸಂಕೋಚ. ಆ ಸಂಕೋಚದಿಂದಲೇ ಹೆಚ್ಚು ಕೇಡು. ತಡೆಯಲಾಗದ ಅವಸರ ಒಮ್ಮೆ, ಹೋದರೂ ಪೂರ್ತಿ ಖಾಲಿಯಾಗದಿರುವುದು ಇನ್ನೊಮ್ಮೆ. ಬಸ್ ನಿಲ್ದಾಣಗಳ ಸ್ಥಿತಿ ಬಲ್ಲ ಹೆಂಗಸರು ಬೆಳಗಿನಿಂದ ನೀರನ್ನೇ ಕುಡಿಯದೆ ಹೊರಡುತ್ತಾರೆ. ಮೂತ್ರ ಗಟ್ಟಿಯಾಗಿ ಸೋಂಕು ತಗಲುತ್ತದೆ, ಸೋಂಕಿನಿಂದ ಜ್ವರ, ಜ್ವರದಿಂದ ಕಾಲು ನಿಷ್ಕ್ರಿಯ. ನೀರನ್ನು ಹೊತ್ತು ಹೊತ್ತಿಗೆ ಕುಡಿದು, ಅವಸರವಾಗಲಿ ಆಗದಿರಲಿ, ಎರಡು ಮೂರು ಗಂಟೆಗೊಮ್ಮೆ ಹೋಗಿಬರುವ ರೂಢಿ ಮಾಡಿಕೊಂಡರೆ ಈ ಸರಪಳಿ ಬಹುಮಟ್ಟಿಗೆ ತುಂಡಾಗುತ್ತದೆ. ಖಾಲಿಯಾಗದವರು ನಾಚದೆ ವೈದ್ಯರಿಗೆ ಹೇಳಬೇಕು, ಉಪಾಯಗಳಿವೆ.

ಪಥ್ಯದ ಮಾತನ್ನು ಬೇಗನೆ ಮುಗಿಸುತ್ತೇನೆ. ರಾಯ್ ಸ್ವ್ಯಾಂಕ್ ಎಂಬ ವೈದ್ಯ 1948ರ ಸುಮಾರಿಗೆ ಮಾಂಟ್ರಿಯಲ್‌ನಲ್ಲಿ ತನ್ನ ರೋಗಿಗಳಿಗೆ ಬೆಣ್ಣೆ, ಮಾಂಸದ ಕೊಬ್ಬುಗಳನ್ನು ಬಹಳ ಕಡಿಮೆ ಮಾಡಿಸಿ, 34 ವರ್ಷ ಅವರ ಬೆನ್ನು ಹತ್ತಿದ. ಕಟ್ಟುನಿಟ್ಟಾಗಿ ನಡೆದವರು ಚೆನ್ನಾಗಿದ್ದರೆಂದು 1990ರಲ್ಲಿ ವರದಿ ಮಾಡಿದ. ಅವನ ತಾಳ್ಮೆಗೆ ನಮಸ್ಕಾರ. ಆದರೆ ಪಥ್ಯವಿಲ್ಲದ ಸಮಾನ ಗುಂಪೊಂದನ್ನು ಅವನು ಪಕ್ಕದಲ್ಲಿಟ್ಟು ನೋಡಲಿಲ್ಲ. ಚೆನ್ನಾಗಿದ್ದವರೇ ಪಥ್ಯ ಮುಂದುವರಿಸಿದರೋ, ಪಥ್ಯದಿಂದ ಚೆನ್ನಾದರೋ ಹೇಳುವಂತಿಲ್ಲ. ಸೊಪ್ಪು, ಕಾಳು, ಹಣ್ಣು, ಮಿತವಾದ ಜಿಡ್ಡು ಯಾರಿಗೂ ಕೆಟ್ಟದ್ದಲ್ಲ. ಡಿ ಜೀವಸತ್ತ್ವ ಕಡಿಮೆಯಿದ್ದರೆ ಪರೀಕ್ಷಿಸಿ ತುಂಬಿಕೊಳ್ಳಬೇಕು. ಹೆಚ್ಚಾದರೆ ಒಳ್ಳೆಯದೆಂದು ಮನಬಂದಂತೆ ನುಂಗಿದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡ ಕೆಡುತ್ತದೆ. ಹೊಗೆಸೊಪ್ಪಿನ ಹೊಗೆ ಈ ರೋಗವನ್ನು ಮುಂದಕ್ಕೆ ತಳ್ಳುತ್ತದೆಂಬುದರಲ್ಲಿ ಸಂಶಯವಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಮಾತನಾಡಬೇಕಾಗಿದೆ. 2020ರ ಕೋವಿಡ್ ಮಾರಿಯ ನಂತರ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಕಷಾಯ, ಪುಡಿ, ಲೇಹ್ಯಗಳು ಮನೆಮನೆಯ ಮಾತಾದವು. ನಮ್ಮ ರೋಗದಲ್ಲಿ ಆ ಶಕ್ತಿ ಕಡಿಮೆಯಾಗಿಲ್ಲ, ದಾರಿ ತಪ್ಪಿದೆ. ದಾರಿ ತಪ್ಪಿದ ಕಾವಲುಗಾರನ ಕೈಗೆ ಇನ್ನೊಂದು ಬಡಿಗೆ ಕೊಡುವುದು ಯಾವ ನ್ಯಾಯ? ನಮ್ಮ ಬೇಲಿಯಲ್ಲಿ ಹಬ್ಬುವ ಅಮೃತಬಳ್ಳಿಯನ್ನು ಸೇವಿಸಿ ಯಕೃತ್ತಿಗೆ ಪೆಟ್ಟಾದವರನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದ್ದಾರೆ. ಆಯುರ್ವೇದವನ್ನು ನಾನು ಹಳಿಯುತ್ತಿಲ್ಲ. ನೋವಿನ ಸ್ನಾಯುವಿಗೆ ಬಲ್ಲವರು ಮಾಡುವ ಅಭ್ಯಂಗದ ಹಿತವನ್ನು ಸ್ವತಃ ಬಲ್ಲೆ. ಆದರೆ ಒಳಕ್ಕೆ ಹೋಗುವುದೇನಿದ್ದರೂ ನರವೈದ್ಯರಿಗೆ ತಿಳಿದಿರಲಿ. ‘ಇದು ಹಿಡಿಯಬೇಕಾದರೆ ಅದನ್ನು ಬಿಡಬೇಕು’ ಎಂಬ ಕರಾರು ಹಾಕುವವರಿಂದ ದೂರವಿರಬೇಕು. ನನಗೆ ಪರಿಚಯವಿದ್ದ ತರುಣಿಯೊಬ್ಬಳು ಅಂಥ ಮಾತಿಗೆ ಚುಚ್ಚುಮದ್ದು ಬಿಟ್ಟಳು. ಎಂಟು ತಿಂಗಳು ಚೆನ್ನಾಗಿದ್ದಳು. ಚೆನ್ನಾಗಿರುವುದು ಈ ರೋಗದ ಸ್ವಭಾವ. ಒಂಬತ್ತನೆಯ ತಿಂಗಳಲ್ಲಿ ಬಂದ ಹೊಡೆತದಿಂದ ಅವಳ ಎಡಗಾಲು ಮತ್ತೆ ಚೇತರಿಸಲಿಲ್ಲ.

ಮನಸ್ಸಿನ ಕುಗ್ಗುವಿಕೆ ಈ ರೋಗದಲ್ಲಿ ಬಹು ಸಾಮಾನ್ಯ. ದುಃಖಕ್ಕೆ ಕಾರಣಗಳಿರುವುದು ನಿಜವೇ. ಅವಲ್ಲದೆ ಮಿದುಳಿನ ಕಲೆಗಳೂ ಮನಸ್ಸನ್ನು ಕೆಡಿಸಬಲ್ಲವು. ‘ಧೈರ್ಯ ತಂದುಕೋ’ ಎಂದು ಗದರಿಸಿದರೆ ಕಾಲುಮುರಿದವನಿಗೆ ಓಡೆಂದಂತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 150 ರೋಗಿಗಳನ್ನು ಆರಿಸಿ, ಅವರಲ್ಲಿ ಒಂದು ಪಾಲಿಗೆ ಎಂಟು ವಾರ, ಉಸಿರನ್ನೂ ಮೈಯನ್ನೂ ಸಾಕ್ಷಿಯಂತೆ ಗಮನಿಸುವ ಧ್ಯಾನವನ್ನು ಕಲಿಸಿದರು. ಕಲಿತವರ ಖಿನ್ನತೆಯೂ ದಣಿವೂ ತಗ್ಗಿದುವೆಂದು 2010ರಲ್ಲಿ ಪ್ರಕಟಿಸಿದರು. ಆರು ತಿಂಗಳ ಮೇಲೂ ಗುಣ ಬಹುಮಟ್ಟಿಗೆ ಉಳಿದಿತ್ತು. ಧ್ಯಾನ ಸಾಲದೆಹೋದರೆ ಮನೋವೈದ್ಯರ ಮಾತ್ರೆ ಉಂಟು. ಒಂದನ್ನು ಹಿಡಿದವರು ಇನ್ನೊಂದನ್ನು ಕೀಳಾಗಿ ಕಾಣಬೇಕಾದ್ದಿಲ್ಲ.

ನಮ್ಮ ದೇಶದಲ್ಲಿ ಈ ರೋಗಿಗಳ ಸಂಘವೊಂದು 1985ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೆಸರಿಸಿದ 21 ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ಸೂ ಸೇರಿದೆ. ಕನ್ನಡದಲ್ಲಿ ಹೆಸರಿಲ್ಲದ ಕಾಯಿಲೆಗೆ ಕಾಯಿದೆಯಲ್ಲಿ ಹೆಸರಾದರೂ ಸಿಕ್ಕಿತು! ಪ್ರಮಾಣಪತ್ರಕ್ಕೆ ಹೋದಾಗ ಒಂದು ಪೇಚು ಎದುರಾಗುತ್ತದೆ. ಬೆಳಗ್ಗೆ ಒಂಬತ್ತಕ್ಕೆ, ತಂಪಿನಲ್ಲಿ, ವೈದ್ಯರ ಮುಂದೆ ನೆಟ್ಟಗೆ ನಡೆದು ತೋರಿಸಿದವಳೇ ಮಧ್ಯಾಹ್ನ ಎರಡಕ್ಕೆ ಆಸ್ಪತ್ರೆಯ ಮೆಟ್ಟಿಲಿಳಿಯಲಾರದೆ ಕೂರುತ್ತಾಳೆ. ಆದಕಾರಣ ಮೂರುಕಾಸಿನ ನೋಟುಪುಸ್ತಕವೊಂದನ್ನು ಇಟ್ಟುಕೊಳ್ಳಿರೆಂದು ನಾನು ಎಲ್ಲರಿಗೂ ಹೇಳುತ್ತೇನೆ. ತಾರೀಖು, ಹೊತ್ತು, ಅಂದಿನ ಸೆಕೆ, ಎಷ್ಟು ದೂರ ನಡೆದದ್ದು, ಎಲ್ಲಿ ಕುಳಿತದ್ದು, ಯಾವ ಔಷಧ ಹೊಸದಾಗಿ ಸೇರಿದ್ದು, ಇಷ್ಟನ್ನು ದಿನಕ್ಕೆರಡು ಸಾಲು ಬರೆದರೆ ಸಾಕು. ವೈದ್ಯರಿಗೆ ಅದನ್ನು ತೋರಿಸಬಹುದು. ಯಾವುದರಿಂದ ಗುಣವಾಯಿತೆಂಬ ಮನೆಯ ವಾದಕ್ಕೂ ಅದರಲ್ಲಿ ಉತ್ತರ ಸಿಗುವುದುಂಟು. ನನ್ನವು ಹನ್ನೊಂದು ಪುಸ್ತಕಗಳಾಗಿವೆ. ಧರ್ಮಸ್ಥಳದ ಪಕ್ಷದವರಾದ ಅಮ್ಮ ಈಚೆಗೆ ಅವುಗಳಿಗೆ ರಟ್ಟು ಹಾಕಿಸಿಕೊಟ್ಟಿದ್ದಾರೆ.